ಕಾಣದ ಶಿಖರ, ಉಳಿದ ಹೆಸರು

ಲೇಖಕನೊಬ್ಬನು ತನ್ನದೇ ಆದ ಲೋಕವೊಂದನ್ನು ಕಟ್ಟಹೊರಟಾಗ ಅದರ ಅತ್ಯುನ್ನತ ಪರ್ವತವನ್ನು ಎಲ್ಲಿ ನಿಲ್ಲಿಸುತ್ತಾನೆ, ಅದರ ನೆತ್ತಿಯ ಮೇಲೆ ಯಾರನ್ನು ಕೂರಿಸುತ್ತಾನೆ ಎಂಬುದನ್ನು ನೋಡಿದರೆ ಆ ಲೋಕದ ಧರ್ಮವು ಅರ್ಧ ತಿಳಿದಂತೆಯೇ. ನಮ್ಮ ಪುರಾಣಕಾರರು ಮೇರುವನ್ನು ಭೂಮಂಡಲದ ನಟ್ಟನಡುವೆ ನಿಲ್ಲಿಸಿದರು. ವಿಷ್ಣುಪುರಾಣವು ಅದರ ಎತ್ತರವನ್ನು 84,000 ಯೋಜನವೆಂದೂ, ನೆಲದೊಳಕ್ಕೆ ಇಳಿದ ಭಾಗವನ್ನು 16,000 ಯೋಜನವೆಂದೂ ಲೆಕ್ಕ ಹಾಕಿ ಹೇಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಒಂದು ಇಡೀ ಲೋಕವನ್ನು ಕಲ್ಪಿಸಿದ ಜೆ. ಆರ್. ಆರ್. ಟೋಲ್ಕಿನ್ ತಮ್ಮ ಅತ್ಯುನ್ನತ ಪರ್ವತಕ್ಕೆ 'ಸಿಲ್ಮರಿಲಿಯನ್' ಗ್ರಂಥದಲ್ಲಿ ಅಳತೆಯನ್ನೇ ಕೊಡಲಿಲ್ಲ. ಅವರು ಕೊಟ್ಟದ್ದು ಹೆಸರುಗಳನ್ನು. ಆ ಪರ್ವತದ ಹಿರಿಮೆ ಎತ್ತರದಲ್ಲಿಲ್ಲ, ಹೆಸರಿನಲ್ಲಿದೆ ಎಂಬುದು ನಮ್ಮ ಎಣಿಕೆ. ಅದನ್ನು ಈ ಬರಹದಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಟೋಲ್ಕಿನ್ 1892ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು; ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇಂಗ್ಲಿಷ್ ಭಾಷೆಯ ಪ್ರಾಧ್ಯಾಪಕರಾಗಿದ್ದವರು. 1937ರಲ್ಲಿ 'ದಿ ಹಾಬಿಟ್', 1954-55ರಲ್ಲಿ ಮೂರು ಸಂಪುಟಗಳಾಗಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಪ್ರಕಟವಾದವು. 2001ರಿಂದ 2003ರವರೆಗೆ ತೆರೆಕಂಡ ಮೂರು ಚಲನಚಿತ್ರಗಳ ಮೂಲಕ ಈ ಕಥೆ ನಮ್ಮ ಮನೆಗಳ ಎಳೆಯರಿಗೂ ಪರಿಚಿತವಾಗಿದೆ. ಆದರೆ ಈ ಕಥೆಗೆ ಹಿನ್ನೆಲೆಯಾಗಿರುವ ಪುರಾಣವನ್ನೂ ಟೋಲ್ಕಿನ್ ಜೀವಮಾನವಿಡೀ ಬರೆಯುತ್ತಲೇ ಇದ್ದರು. 1973ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಕ್ರಿಸ್ಟೋಫರ್ ಅದನ್ನು ಸಂಪಾದಿಸಿ 1977ರಲ್ಲಿ 'ದಿ ಸಿಲ್ಮರಿಲಿಯನ್' ಎಂಬ ಹೆಸರಿನಲ್ಲಿ ಹೊರತಂದರು. ಅತ್ಯುನ್ನತ ಪರ್ವತದ ಕಥೆ ಇರುವುದು ಈ ಗ್ರಂಥದಲ್ಲಿ. ಟೋಲ್ಕಿನ್ನರ ವಿಷಯದಲ್ಲಿ ಮರೆಯಬಾರದ ಇನ್ನೊಂದು ಸಂಗತಿಯಿದೆ. ತಮಗೆ ಭಾಷೆಗಳ ಸೃಷ್ಟಿಯೇ ಮೊದಲು, ಆ ಭಾಷೆಗಳಿಗೆ ಬಾಳಲು ಒಂದು ಲೋಕ ಬೇಕೆಂದೇ ಕಥೆಗಳು ಹುಟ್ಟಿದವು ಎಂಬ ಅರ್ಥದಲ್ಲಿ ಅವರು ಪತ್ರವೊಂದರಲ್ಲಿ ಹೇಳಿಕೊಂಡಿದ್ದಾರೆ.

ಆ ಲೋಕದ ಹೆಸರು ಆರ್ದಾ. ಅದರ ಪಡುವಣ ಕಡಲಿನಾಚೆ ಅಮಾನ್ ಎಂಬ ಪುಣ್ಯಭೂಮಿ. ಅದರ ಅಂಚಿನುದ್ದಕ್ಕೂ ಪೆಲೋರಿ ಎಂಬ ಪರ್ವತಶ್ರೇಣಿ. ಆ ಶ್ರೇಣಿಯಲ್ಲಿ ಎಲ್ಲಕ್ಕಿಂತ ಎತ್ತರದ್ದು ತನಿಕ್ವೆಟಿಲ್. ಅದರ ಶಿಖರದಲ್ಲಿ ಗಾಳಿಗೆ ಒಡೆಯನೂ ದೇವತೆಗಳಿಗೆ ಅರಸನೂ ಆದ ಮಾನ್ವೆ, ನಕ್ಷತ್ರಗಳನ್ನು ಹೊತ್ತಿಸಿದ ಅವನ ರಾಣಿ ವರ್ದಾ ನೆಲೆಸಿದ್ದಾರೆ. ವರ್ದಾ ಪಕ್ಕದಲ್ಲಿದ್ದರೆ ಮಾನ್ವೆಯ ನೋಟ ಎಲ್ಲರ ನೋಟಕ್ಕಿಂತ ದೂರ ಹೋಗುತ್ತದೆ. ಮಾನ್ವೆ ಪಕ್ಕದಲ್ಲಿದ್ದರೆ ವರ್ದಾ ಲೋಕದ ಮೂಲೆಮೂಲೆಯ ಮೊರೆಯನ್ನೂ ಕೇಳಬಲ್ಲಳು. ಒಬ್ಬರ ಇಂದ್ರಿಯಕ್ಕೆ ಇನ್ನೊಬ್ಬರ ಸಾನ್ನಿಧ್ಯವೇ ಬಲವೆಂಬ ಈ ಕಲ್ಪನೆ ಅರ್ಧನಾರೀಶ್ವರನನ್ನು ಬಲ್ಲ ನಮ್ಮ ಓದುಗರಿಗೆ ಆಪ್ತವಾಗದೆ ಇರದು.

ಆದರೂ ಪರ್ವತವೆಂದು ನೋಡಿದರೆ ತನಿಕ್ವೆಟಿಲ್‌ನ ಚಿತ್ರಣ ಬಡವಾದದ್ದೇ ಎಂದು ಹೇಳಬೇಕಾಗುತ್ತದೆ. ಅಲ್ಲಿ ಹಿಮವಿದೆ, ನಕ್ಷತ್ರಗಳಿವೆ, ಸಿಂಹಾಸನವಿದೆ. ಹತ್ತುವವನ ಏದುಸಿರಿಲ್ಲ, ಜಾರುವ ಕಲ್ಲಿಲ್ಲ, ದಾರಿ ತಪ್ಪುವ ಭಯವಿಲ್ಲ. ಇದು ಅನುಭವದ ಕೊರತೆಯಿಂದ ಆದುದಲ್ಲ. 1911ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಟೋಲ್ಕಿನ್ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಸೀಮೆಯಲ್ಲಿ ನಡೆದಾಡಿದ್ದರು. ಅಲ್ಲಿ ಕಂಡ ಸಿಲ್ಬರ್‌ಹಾರ್ನ್ ಶಿಖರವೇ ತಮ್ಮ ಕಥೆಯ ಕೆಲೆಬ್ದಿಲ್ ಶಿಖರವೆಂದು ದಶಕಗಳ ಅನಂತರವೂ ಪತ್ರದಲ್ಲಿ ನೆನೆದಿದ್ದಾರೆ. ಆ ಅನುಭವದ ಫಲ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಯಲ್ಲಿ ಧಾರಾಳವಾಗಿ ಕಾಣುತ್ತದೆ. ಕರಾಧ್ರಸ್ ಬೆಟ್ಟದ ಹಿಮಪಾತ ಪಯಣಿಗರನ್ನು ಹಿಂದಕ್ಕೆ ಅಟ್ಟುವ ಅಧ್ಯಾಯವನ್ನು ಓದಿದವರ ಕಾಲಿಗೂ ಚಳಿ ಹತ್ತುತ್ತದೆ. ಕಥೆಯ ಕೊನೆಗೆ ಫ್ರೋಡೊ ಮತ್ತು ಸ್ಯಾಮ್ ಎಂಬ ಇಬ್ಬರು ಕುಳ್ಳ ಹಾಬಿಟ್ಟರು ಏರುವ ಒರೊದ್ರುಯಿನ್ ಒಂದು ಅಗ್ನಿಪರ್ವತ. ಅದರ ಬುಡ ಸುಮಾರು 3,000 ಅಡಿ, ಅದರ ಮೇಲಿನ ಶಂಕು ಆ ಎತ್ತರದ ಅರ್ಧದಷ್ಟು ಎಂದು ಲೇಖಕರು ಅಳತೆಯನ್ನೇ ಕೊಡುತ್ತಾರೆ. ಅಂದರೆ ಒಟ್ಟು 4,500 ಅಡಿ. ಪರ್ವತಗಳ ಲೆಕ್ಕದಲ್ಲಿ ದೊಡ್ಡದೇನಲ್ಲ. ಆದರೆ ಲೋಕದ ಭವಿಷ್ಯ ನಿರ್ಧಾರವಾಗುವುದು ಅಲ್ಲಿ. ನಡೆಯಲಾರದ ಒಡೆಯನನ್ನು ಬೆನ್ನ ಮೇಲೆ ಹೊತ್ತು ಸ್ಯಾಮ್ ಏರುವುದೂ ಅಲ್ಲಿಯೇ.

ಮನುಷ್ಯರ ಕಾಲು ಮುಟ್ಟುವ ಬೆಟ್ಟಕ್ಕೆ ಅಡಿಗಳ ಲೆಕ್ಕವಿದೆ. ದೇವತೆಗಳ ಬೆಟ್ಟಕ್ಕೆ ಲೆಕ್ಕವಿಲ್ಲ. ಇದನ್ನು ಆಕಸ್ಮಿಕವೆಂದು ನಾವು ತಿಳಿಯುವುದಿಲ್ಲ. ಎತ್ತರವೊಂದೇ ಹಿರಿಮೆಯಲ್ಲವೆಂಬ ಎಚ್ಚರ ಟೋಲ್ಕಿನ್ನರಿಗೆ ಇತ್ತೆಂಬುದಕ್ಕೆ 'ಸಿಲ್ಮರಿಲಿಯನ್' ಗ್ರಂಥವೇ ಸಾಕ್ಷಿ. ಎಲ್ಲಕ್ಕಿಂತ ಎತ್ತರದಲ್ಲಿ ಕುಳಿತು ಎಲ್ಲಕ್ಕಿಂತ ದೂರ ನೋಡಬಲ್ಲ ಮಾನ್ವೆ, ತನ್ನೆದುರೇ ನಿಂತ ದುಷ್ಟ ಮೆಲ್ಕೋರನ ಮನಸ್ಸನ್ನು ಕಾಣಲಾರದೆ ಹೋಗುತ್ತಾನೆ. ತನ್ನಲ್ಲಿ ಕೇಡಿಲ್ಲದ ಕಾರಣ ಕೇಡನ್ನು ಅರಿಯಲಾರದೆ, ಸೆರೆಯ ಅವಧಿ ಮುಗಿದ ಮೆಲ್ಕೋರನನ್ನು ಬಿಡುಗಡೆ ಮಾಡುತ್ತಾನೆ. ಅದರ ಪರಿಣಾಮ ಘೋರವಾದುದು. ಅಮಾನಿನಲ್ಲಿ ಬೆಳ್ಳಿಯ ಬೆಳಕು ಸೂಸುವ ಒಂದು ಮರ, ಹೊನ್ನಿನ ಬೆಳಕು ಸೂಸುವ ಇನ್ನೊಂದು ಮರ. ಸೂರ್ಯಚಂದ್ರರಿಲ್ಲದ ಆ ಕಾಲದಲ್ಲಿ ಪುಣ್ಯಭೂಮಿಗೆ ಬೆಳಕು ಅವೆರಡೇ. ಸುಗ್ಗಿಯ ಹಬ್ಬಕ್ಕೆಂದು ಮಾನ್ವೆ ಎಲ್ಲರನ್ನೂ ತನಿಕ್ವೆಟಿಲ್‌ಗೆ ಕರೆಸುತ್ತಾನೆ. ಮುನಿಸಿಕೊಂಡಿದ್ದ ಮಲಸೋದರರು ಸಿಂಹಾಸನದೆದುರು ಕೈಹಿಡಿದು ರಾಜಿಯಾಗುತ್ತಾರೆ. ಶಿಖರದ ಮೇಲೆ ಹಾಡು, ಉಡುಗೆ, ಸಂಭ್ರಮ. ಅದೇ ಗಳಿಗೆಯಲ್ಲಿ ಮೆಲ್ಕೋರನು ಉಂಗೊಲಿಯಂತ್ ಎಂಬ ದೈತ್ಯಜೇಡವನ್ನು ಜೊತೆಗೂಡಿಸಿಕೊಂಡು, ದಕ್ಷಿಣದಲ್ಲಿ ಕಾವಲಿಲ್ಲದ ಬೆಟ್ಟವೊಂದನ್ನು ದಾಟಿ ಬಂದು, ಎರಡೂ ಮರಗಳನ್ನು ಕೊಂದುಬಿಡುತ್ತಾನೆ. ಎಲ್ಲರೂ ಮೇಲಿದ್ದರು, ಮರಗಳು ಕೆಳಗಿದ್ದವು.

ಇಡೀ ಗ್ರಂಥದಲ್ಲಿ ತನಿಕ್ವೆಟಿಲ್ ಕುರಿತ ಅತ್ಯಂತ ಶಕ್ತವಾದ ಸನ್ನಿವೇಶ ಇದು. ಪರ್ವತದ ಹಿರಿಮೆಯೇ ಇಲ್ಲಿ ಪರ್ವತದ ಕುರುಡಾಗುತ್ತದೆ. ಆಮೇಲೆ ದೇವತೆಗಳು ಮಾಡುವುದೇನು? ಪೆಲೋರಿ ಶ್ರೇಣಿಯನ್ನು ಇನ್ನೂ ಎತ್ತರಿಸಿ, ಕಡಿದಾದ ಗೋಡೆಯಾಗಿ ನಿಲ್ಲಿಸಿ, ಪುಣ್ಯಭೂಮಿಯನ್ನು ಹೊರಗಿನವರಿಂದ ಮುಚ್ಚುತ್ತಾರೆ. ನೋಡಲೆಂದು ಇದ್ದ ಎತ್ತರ ಮುಚ್ಚಲೆಂದು ಬಳಕೆಯಾಗುತ್ತದೆ. ಹೊರಗುಳಿದವರ ಪಾಲಿಗೆ ಅಂದಿನಿಂದ ಆ ಪರ್ವತವು ಬರಿಯ ಹೆಸರು.

ಇಲ್ಲಿಂದಲೇ ಟೋಲ್ಕಿನ್ನರ ನಿಜವಾದ ಪ್ರತಿಭೆ ಕೆಲಸ ಮಾಡತೊಡಗುತ್ತದೆ. ಆ ಲೋಕದಲ್ಲಿ ಮುಪ್ಪಿಲ್ಲದ, ಹಾಡನ್ನು ಪ್ರಾಣದಂತೆ ಕಾಣುವ ಎಲ್ಫ್ ಎಂಬ ಜನವುಂಟು. ಅಮಾನಿಗೆ ಹೋಗಿ ನೆಲೆಸಿದ ಎಲ್ಫರ ಭಾಷೆ ಕ್ವೆನ್ಯಾ. ಅದರಲ್ಲಿ ತನಿಕ್ವೆಟಿಲ್ ಎಂದರೆ ಎತ್ತರದ ಬಿಳಿಯ ಕೋಡು. ನಮ್ಮ 'ಕೋಡು' ಎಂಬ ಶಬ್ದಕ್ಕೆ ಕೊಂಬು, ಶಿಖರ ಎಂಬ ಎರಡು ಅರ್ಥಗಳಿರುವಂತೆ ಅವರ 'ತಿಲ್' ಎಂಬ ಧಾತುವಿಗೂ ಮೊನೆ, ಕೊಂಬು ಎಂಬ ಅರ್ಥಗಳಿವೆ. ಅದೇ ಪರ್ವತಕ್ಕೆ ಓಯೊಲೊಸ್ಸೆ ಎಂಬುದು ಮತ್ತೊಂದು ಹೆಸರು, ಎಂದೂ ಮಾಸದ ಬಿಳುಪು ಎಂದು ಅರ್ಥ. ಎಲೆರ್ರೀನಾ ಎಂಬುದು ಇನ್ನೊಂದು, ನಕ್ಷತ್ರಗಳ ಕಿರೀಟ ತೊಟ್ಟದ್ದು ಎಂದು ಅರ್ಥ. ಅಮಾನಿನತ್ತ ಹೊರಟು, ದಾರಿಯಲ್ಲೇ ನಿಂತು, ಕಡಲ ಈಚೆಯ ದಡದಲ್ಲಿ ಉಳಿದುಕೊಂಡ ಎಲ್ಫರೂ ಇದ್ದರು. ಅವರು ಸಿಂದಾರ್ ಜನ. ಅವರ ಅರಸ ತಿಂಗೋಲ್ ಒಬ್ಬನು ದೂತನಾಗಿ ಒಮ್ಮೆ ಅಮಾನನ್ನು ಕಂಡು ಬಂದಿದ್ದ. ಉಳಿದವರು ಆ ಪರ್ವತವನ್ನು ನೋಡಿದವರೇ ಅಲ್ಲ. ಆದರೂ ಅವರ ಭಾಷೆಯಲ್ಲಿ ಅದಕ್ಕೆ ಹೆಸರಿದೆ: ಅಮೊನ್ ಉಯ್ಲೊಸ್. ಹಳಗನ್ನಡದ 'ಪಾಲ್' ನಮ್ಮ ಬಾಯಲ್ಲಿ 'ಹಾಲು' ಆದಂತೆ, 'ಓಯೊಲೊಸ್ಸೆ'ಗೆ ಸಾಟಿಯಾದ ಮಾತು ಕಾಲದ ಸವೆತದಲ್ಲಿ ಅವರ ಬಾಯಲ್ಲಿ 'ಉಯ್ಲೊಸ್' ಆಗಿದೆ. ಭಾಷಾಶಾಸ್ತ್ರಜ್ಞನೊಬ್ಬನು ಕಥೆಗಾರನಾದರೆ ಮಾತ್ರ ಸಾಧ್ಯವಾಗುವ ಸೂಕ್ಷ್ಮವಿದು. ಕಾಣದವರೂ ತಮ್ಮ ನುಡಿಯ ಉಚ್ಚಾರದಲ್ಲಿ ಪರ್ವತವನ್ನು ತಮ್ಮದಾಗಿಸಿಕೊಂಡಿದ್ದಾರೆ.

ಮುಂದೆ ಅಮಾನಿನಿಂದ ನೋಲ್ದೋರ್ ಎಂಬ ಎಲ್ಫರು ದೇವತೆಗಳ ಮಾತು ಮೀರಿ ಹೊರಟು ಸಿಂದಾರರ ನಾಡಿಗೆ ಬರುತ್ತಾರೆ. ಹೊರಡುವಾಗ ಹಡಗುಗಳಿಗಾಗಿ ತಿಂಗೋಲನ ಬಂಧುಗಳನ್ನೇ ಕೊಂದಿರುತ್ತಾರೆ. ಸತ್ಯ ಹೊರಬಿದ್ದಾಗ ತಿಂಗೋಲ್ ತನ್ನ ರಾಜ್ಯದಲ್ಲಿ ಕ್ವೆನ್ಯಾ ಭಾಷೆಯನ್ನೇ ನಿಷೇಧಿಸುತ್ತಾನೆ. ಆ ನುಡಿಯಲ್ಲಿ ಕೇಳಿದರೆ ಯಾರೂ ಉತ್ತರಿಸಬಾರದೆಂದು ಸಾರುತ್ತಾನೆ. ಅವನ ನೋವು ನ್ಯಾಯವಾದುದೇ. ಆದರೆ ಶಿಕ್ಷೆ ಬಿದ್ದದ್ದು ಕೊಂದವರ ಮೇಲಷ್ಟೇ ಅಲ್ಲ, ನುಡಿಯ ಮೇಲೆ. ತನ್ನ ಪ್ರಜೆಗಳ ಪೈಕಿ ಪರ್ವತವನ್ನು ಕಣ್ಣಾರೆ ಕಂಡ ಅರಸನೇ ಪರ್ವತದ ನುಡಿಯನ್ನು ಬೀದಿಯಿಂದ ಹೊರಗಟ್ಟಿದ. ನೋಲ್ದೋರರು ದಿನದ ಬಳಕೆಗೆ ಸಿಂದಾರಿನ್ ನುಡಿಯನ್ನು ಕಲಿತರು. ಕ್ವೆನ್ಯಾ ಪಂಡಿತರ ಗ್ರಂಥಕ್ಕೂ ಅರಸರ ಹೆಸರಿಗೂ ಮೀಸಲಾಯಿತು. ಒಂದು ಭಾಷೆ ಸಾಯುವ ಮುನ್ನ ಹೇಗೆ ಗೌರವದ ಪೀಠವೇರುತ್ತದೆ ಎಂಬುದನ್ನು ಈ ಕೆಲವೇ ಪುಟಗಳು ತೋರಿಸಿಕೊಡುತ್ತವೆ. ಗಡಿಯಲ್ಲಿ ಬಾಳುವ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಡೆಗೆ ಪರ್ವತವು ಭೂಪಟದಿಂದಲೇ ಅಳಿಯುತ್ತದೆ. ನೂಮೆನೋರ್ ಎಂಬ ದ್ವೀಪದ ಮನುಷ್ಯರು ಅಮರತ್ವದ ಆಸೆಯಿಂದ ಅಮಾನಿನ ಮೇಲೆ ದಂಡೆತ್ತಿ ಹೋದಾಗ, ಕಥೆಯ ಎರಡನೆಯ ಯುಗದ 3319ನೆಯ ವರ್ಷದಲ್ಲಿ, ದ್ವೀಪವು ಮುಳುಗುತ್ತದೆ, ಭೂಮಿ ಗುಂಡಾಗುತ್ತದೆ, ಅಮಾನ್ ಈ ಲೋಕದಿಂದ ಬೇರ್ಪಡುತ್ತದೆ. ಇನ್ನು ಎಷ್ಟು ಪಡುವಣಕ್ಕೆ ಹಡಗು ನಡೆಸಿದರೂ ಮನುಷ್ಯರಿಗೆ ಸಿಗುವುದು ಹೊರಟ ದಡವೇ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಥೆ ನಡೆಯುವುದು ಇದಾಗಿ ಮೂರು ಸಾವಿರ ವರ್ಷಗಳ ಮೇಲೆ. ಆದುದರಿಂದ ಆ ಬೃಹತ್ ಕೃತಿಯ ಯಾವ ಪಯಣವೂ ತನಿಕ್ವೆಟಿಲ್‌ನ ಬುಡಕ್ಕೆ ಹೋಗುವುದಿಲ್ಲ. ಅದು ಸುಳಿಯುವುದು ಹಾಡಿನಲ್ಲಿ, ಮೊರೆಯಲ್ಲಿ. ಅಂಥ ಎರಡು ಎಡೆಗಳನ್ನು ಎದುರುಬದುರು ಇಟ್ಟು ನೋಡಬೇಕೆಂದು ನಾವು ಸೂಚಿಸುತ್ತೇವೆ.

ಮೊದಲನೆಯದು ಗಲಾದ್ರಿಯೆಲ್ ರಾಣಿಯ ವಿದಾಯಗೀತೆ. ಅಮಾನಿನಲ್ಲೇ ಹುಟ್ಟಿ, ದೇಶಭ್ರಷ್ಟಳಾಗಿ ಬಂದ ಆಕೆ, ಅತಿಥಿಗಳನ್ನು ಬೀಳ್ಕೊಡುವಾಗ ಕ್ವೆನ್ಯಾ ನುಡಿಯಲ್ಲಿ ಹಾಡುತ್ತಾಳೆ. ಅದರಲ್ಲಿ ಓಯೊಲೊಸ್ಸೆಯ ಹೆಸರು ಬರುತ್ತದೆ. ಅದು ಅತ್ಯಂತ ಸುಂದರವಾದ ಹಾಡು. ಆದರೆ ಅದರ ಮುಖ ಹಿಂದಕ್ಕೆ ತಿರುಗಿದೆ. ಎಲ್ಫರು ಕಳೆದುಹೋದುದನ್ನು ಹಾಗೆಯೇ ಕಾಪಿಡಲು ಹವಣಿಸುವವರು, ಶವಕ್ಕೆ ತೈಲ ಲೇಪಿಸುವವರಂತೆ, ಎಂದು ಟೋಲ್ಕಿನ್ನರೇ 1954ರ ಪತ್ರವೊಂದರಲ್ಲಿ ದೋಷ ಹೇಳಿದ್ದಾರೆ. ತಾನು ಪ್ರೀತಿಸಿದ ಜನದ ಬಗೆಗೆ ಲೇಖಕನು ಇಷ್ಟು ನಿಷ್ಠುರನಾಗಿರುವುದು ಅಪರೂಪ.

ಎರಡನೆಯದು ಸ್ಯಾಮ್‌ನ ಕೂಗು. ಅವನು ಅರಸನಲ್ಲ, ಪಂಡಿತನಲ್ಲ, ತೋಟದ ಕೆಲಸದವನು. ಒಡೆಯನು ನೆಲಕ್ಕೆ ಬಿದ್ದಿದ್ದಾನೆ, ಶೆಲೊಬ್ ಎಂಬ ಹೆಜ್ಜೇಡ ಮೇಲೆ ಬರುತ್ತಿದೆ. ಆಗ ಅವನ ಬಾಯಿಂದ ತನಗೇ ತಿಳಿಯದ ಸಿಂದಾರಿನ್ ನುಡಿಯಲ್ಲಿ ವರ್ದಾಳಿಗೆ ಮೊರೆ ಹೊರಡುತ್ತದೆ. ಆ ಮೊರೆಯಲ್ಲಿ ಆಕೆಯನ್ನು ಅವನು 'ಫನುಯ್ಲೊಸ್' ಎಂದು ಕರೆಯುತ್ತಾನೆ. ಆ ಬಿರುದಿನೊಳಗೆ ಅಡಗಿರುವುದು 'ಉಯ್ಲೊಸ್', ಅಂದರೆ ಪರ್ವತದ ಹೆಸರೇ. ಎಂದೋ ಎಲ್ಫರ ಹಾಡಿನಲ್ಲಿ ಕಿವಿಗೆ ಬಿದ್ದ ಮಾತು ಪ್ರಾಣಸಂಕಟದಲ್ಲಿ ನಾಲಗೆಗೆ ಬಂದಿದೆ. ಪರ್ವತವನ್ನು ಕಂಡವರಿಂದ ಕಾಣದವರಿಗೆ, ಅವರ ಹಾಡಿನಿಂದ ಆ ನುಡಿಯೇ ತಿಳಿಯದ ಒಬ್ಬ ತೋಟಗಾರನಿಗೆ, ಹೆಸರು ಇಳಿದು ಬಂದಿದೆ. ಅದು ಇಳಿದಷ್ಟೂ ಬಲಗೊಂಡಿದೆ. ಗಲಾದ್ರಿಯೆಲ್ ಹಾಡಿ, ಕೊನೆಗೆ ಕಡಲು ದಾಟಿ ಹೊರಟುಹೋಗುತ್ತಾಳೆ. ಸ್ಯಾಮ್ ಊರಿಗೆ ಮರಳಿ, ಆಕೆ ಕೊಟ್ಟ ಮಣ್ಣನ್ನು ಕಡಿದುಹೋದ ಮರಗಳ ಎಡೆಯಲ್ಲೆಲ್ಲ ಚಿಟಿಕೆ ಚಿಟಿಕೆಯಾಗಿ ಹಾಕಿ, ಸಸಿ ನೆಡುತ್ತಾನೆ. ಆ ಮೊರೆಯೂ ಈ ಸಸಿಗಳೂ ಒಂದೇ ಮನುಷ್ಯನಿಂದ ಬಂದುವೆಂಬುದನ್ನು ವಿಮರ್ಶೆ ಗಮನಿಸಲೇಬೇಕು. ಪಡೆದ ಹೆಸರನ್ನು ಅವನು ಕಾಪಿಡಲಿಲ್ಲ, ಬಳಸಿದ.

ದೂರದ ಪರ್ವತದ ಹೆಸರು ಬಯಲಿನ ನೆಲದಲ್ಲಿ ಕೆಲಸವಾಗಿ ಅರಳಿದ ಇನ್ನೊಂದು ಕಥೆ ನಮ್ಮ ಸೊಲ್ಲಾಪುರದ್ದೇ ಇದೆ. ಹದಿಮೂರನೆಯ ಶತಮಾನದ ರಾಘವಾಂಕನ 'ಸಿದ್ಧರಾಮ ಚಾರಿತ್ರ' ಅದನ್ನು ಹೇಳುತ್ತದೆ. ಜಂಗಮನಾಗಿ ಬಂದ ಮಲ್ಲಯ್ಯ ಕಣ್ಮರೆಯಾದಾಗ ಬಾಲಕ ಸಿದ್ಧರಾಮರು ಅಳುತ್ತ ಶ್ರೀಶೈಲದವರೆಗೆ ಹುಡುಕಿಕೊಂಡು ಹೋದರು. ಪ್ರಾಣ ಬಿಡಲು ಸಿದ್ಧರಾದಾಗ ಮಲ್ಲಿಕಾರ್ಜುನನು ದರ್ಶನ ಕೊಟ್ಟ. ಆದರೆ ಅವರನ್ನು ಬೆಟ್ಟದ ಮೇಲೆ ಉಳಿಸಿಕೊಳ್ಳದೆ ಊರಿಗೆ ಮರಳಿ ಕಳುಹಿಸಿದ. ಮರಳಿದ ಸಿದ್ಧರಾಮರು ಸೊನ್ನಲಿಗೆಯನ್ನು ಅಭಿನವ ಶ್ರೀಶೈಲವನ್ನಾಗಿ ಮಾಡಿದರು. ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು. ಶಿಖರವಿಲ್ಲದ ಸೀಮೆಯಲ್ಲಿ ಶ್ರೀಶೈಲವೆಂದರೆ ಕೆರೆಯ ನೀರಾಯಿತು. ಟೋಲ್ಕಿನ್ನರಿಗೆ ಈ ಕಥೆ ತಿಳಿದಿತ್ತೆಂದು ನಾವು ಹೇಳುತ್ತಿಲ್ಲ. ಎರಡು ದೂರದ ಕಲ್ಪನೆಗಳು ಒಂದೇ ಸತ್ಯವನ್ನು ಮುಟ್ಟಿವೆ ಎನ್ನುತ್ತಿದ್ದೇವೆ. ತನಿಕ್ವೆಟಿಲ್ ಮೆರೆಯುವುದು ಮಾನ್ವೆಯ ಸಿಂಹಾಸನದಲ್ಲಲ್ಲ, ಸ್ಯಾಮ್‌ನ ನಾಲಗೆಯಲ್ಲಿ. ಶ್ರೀಶೈಲ ನಮಗೆ ಹತ್ತಿರವಾದದ್ದು ಸಿದ್ಧರಾಮರ ಕೆರೆಯಲ್ಲಿ.

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳ ಗೆರೆ ಎಳೆದಾಗ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಆ ಗೆರೆಯ ಈಚೆ ಉಳಿದವು. ಅಂದಿನಿಂದ ಸಮ್ಮೇಳನಗಳನ್ನು ನಡೆಸುತ್ತ ಬಂದಿರುವ ನಮ್ಮಂಥವರಿಗೆ ತನಿಕ್ವೆಟಿಲ್‌ನ ಹಬ್ಬ ಬರಿಯ ಕಥೆಯಾಗಿ ತೋರುವುದಿಲ್ಲ. ವೇದಿಕೆಯ ಮೇಲೆ ನಾಡಗೀತೆ, ಶಾಲು, ಹಾರ, ಮುನಿಸು ಮರೆತವರ ಕೈಕುಲುಕು ಎಲ್ಲವೂ ಇರಬೇಕಾದುವೇ. ಹಬ್ಬವಿಲ್ಲದೆ ಜನ ಕೂಡುವುದಿಲ್ಲ. ಆದರೆ ಬೆಳಕು ಕೊಡುವ ಮರಗಳು ಇರುವುದು ಕೆಳಗೆ: ಕನ್ನಡ ಶಾಲೆಯ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ, ಅಜ್ಜಿ ಮೊಮ್ಮಗಳ ನಡುವಿನ ಮಾತಿನಲ್ಲಿ, ಅಂಗಡಿಯ ಲೆಕ್ಕದ ವಹಿಯಲ್ಲಿ. ಕನ್ನಡವು ನಮ್ಮ ಮಕ್ಕಳಿಗೆ ವರ್ಷಕ್ಕೊಮ್ಮೆ ಕೇಳುವ ವಿದಾಯಗೀತೆಯಾಗಬೇಕೋ, ಸಂಕಟ ಬಂದಾಗ ತಾನಾಗಿ ಬಾಯಿಗೆ ಬರುವ ಮಾತಾಗಬೇಕೋ ಎಂಬುದು ನಮ್ಮೆದುರಿಗಿರುವ ಪ್ರಶ್ನೆ. ಟೋಲ್ಕಿನ್ 1928ರಲ್ಲಿ ಆ ಪರ್ವತದ ಜಲವರ್ಣ ಚಿತ್ರವೊಂದನ್ನು ಬರೆದರು. ಮೇಲೆ ನಕ್ಷತ್ರಗಳನ್ನು ಮುಟ್ಟುವ ಶಿಖರ. ಕೆಳಗೆ ಕಡಲು, ಕಡಲಿನಲ್ಲಿ ಹಡಗು. ಶಿಖರವನ್ನು ದಿಟ್ಟಿಸಿದ ಕಣ್ಣು ಕೊನೆಗೆ ಕೆಳಗಿನ ಹಡಗಿಗೆ ಇಳಿದು ನಿಲ್ಲುತ್ತದೆ. ನಮ್ಮ ವಿಮರ್ಶೆಯೂ ಸಮ್ಮೇಳನವೂ ಅಲ್ಲಿಗೆ ಇಳಿಯಲೆಂದು ಹಾರೈಸುತ್ತೇವೆ.